ಗೆರೆ ಆಚೆ ನಿಂತು ಗೆಲ್ಲಿಸಿದ ರಮೇಶ್

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಜಾತ್ರೆಗೋ ರಾಜ್ಯೋತ್ಸವಕ್ಕೋ ರಾತ್ರಿ ಲೈಟ್ ಹಾಕ್ಸಿ ಕಬಡ್ಡಿ ಆಡ್ಸದು ಹೊಸದೇನಲ್ಲ. ಮಂಡಿ ತರಚ್ಕಂಡು ಬಂದ ಹುಡುಗರಿಗೆ ಅರಿಶಿನ ಹಚ್ಚೋರೂ ನಾವೇ, "ಇದ್ರಿಂದ ಹೊಟ್ಟೆ ತುಂಬ್ತದೇನ್ಲಾ" ಅಂತ ಬೈಯೋರೂ ನಾವೇ. ಆ ಮಾತಿಗೆ ಉತ್ತರ ಬೇಕಂದ್ರೆ ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ಅವರ ಕತೆ ಕೇಳ್ಬೇಕು ಕಣ್ರಮ್ಮ.

ರಮೇಶ್ ಅವರು ಆಡ್ತಿದ್ದ ಕಾಲದಲ್ಲಿ ಆಟಗಾರರ ಹರಾಜು, ಕೋಟಿ ಮಾತು ಯಾವುದೂ ಇರ್ಲಿಲ್ಲ. ಚೆನ್ನಾಗಿ ಆಡಿದೋರಿಗೆ ಬ್ಯಾಂಕಲ್ಲೋ ರೈಲ್ವೇಲೋ ಪೊಲೀಸಲ್ಲೋ ಒಂದು ಕೆಲಸ ಸಿಕ್ಕರೆ ಅದೇ ದೊಡ್ಡದು. ಭಾರತ ತಂಡಕ್ಕೆ ಆಡಿ 2001ರ ಅರ್ಜುನ ಪ್ರಶಸ್ತಿ ತಗಂಡರು. ಪ್ರೊ ಕಬಡ್ಡಿ ಶುರುವಾಗಿದ್ದು 2014ರಲ್ಲಿ. ದುಡ್ಡು, ಟೀವಿ ಬರೋ ಹೊತ್ತಿಗೆ ಅವರು ಆಡೋ ಕಾಲ ಮುಗಿದಿತ್ತು.

ಆದ್ರೆ ಕಲಿತಿದ್ದು ಎಲ್ಲೂ ಹೋಗಿರ್ಲಿಲ್ಲ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಮೊದಲ ಸಲ ಗೆದ್ದಾಗ ಮುಖ್ಯ ಕೋಚ್ ರಣಧೀರ್ ಸಿಂಗ್ ಜೊತೆಗೆ ಇವರೂ ಇದ್ದರು. ಅದೇ ವರ್ಷ ಅಕ್ಟೋಬರ್ 19ಕ್ಕೆ ಅಹಮದಾಬಾದಲ್ಲಿ ಬೆಂಗಾಲ್ ವಾರಿಯರ್ಸ್ ಫೈನಲ್. ಅಲ್ಲಿ ಕೋಚ್ ಇವರೇ. ತಂಡದ ದೊಡ್ಡ ರೇಡರ್, ನಾಯಕ ಮಣಿಂದರ್ ಸಿಂಗ್ ಗಾಯವಾಗಿ ಹೊರಗೆ ಕೂತಿದ್ದರು. ಮದುವೆ ದಿನ ಅಡುಗೆ ಹಿಡಿಯೋ ದೊಡ್ಡ ಸೊಸೆನೇ ಜ್ವರ ಬಂದು ಮಲಗಿದಂಗೆ! ಇರಾನಿನ ನಬಿಬಕ್ಷ್ ಮುಂದೆ ನಿಂತರು, ಮಿಕ್ಕೋರು ಹಂಚ್ಕಂಡು ಹೊತ್ತರು. ದಬಂಗ್ ಡೆಲ್ಲಿ ಮೇಲೆ 39–34ಕ್ಕೆ ಗೆದ್ದರು.

ಸೋಲೂ ಉಂಟು. 2022ರ ಡಿಸೆಂಬರಲ್ಲಿ ಇವರ ಪುಣೇರಿ ಪಲ್ಟನ್ ಫೈನಲ್ ತನಕ ಬಂದು ಜೈಪುರಕ್ಕೆ ಸೋತಿತು. ಆಗಲೂ ಮುಖ್ಯ ಆಟಗಾರ ಅಸ್ಲಂ ಇನಾಮ್ದಾರ್ ಗಾಯದಿಂದ ಆಡಿರ್ಲಿಲ್ಲ. ಅದೇ ಅಸ್ಲಂ ನಾಯಕನಾಗಿ 2024ರ ಮಾರ್ಚ್ 1ಕ್ಕೆ ಹೈದರಾಬಾದಲ್ಲಿ ಹರಿಯಾಣಾನ 28–25ಕ್ಕೆ ಸೋಲಿಸಿ ಕಪ್ ಎತ್ತಿದರು. 2025ಕ್ಕೆ ರಮೇಶ್ ಮತ್ತೆ ಬೆಂಗಳೂರು ಬುಲ್ಸ್‌ಗೆ ಬಂದರು, ಈ ಸಲ ಮುಖ್ಯ ಕೋಚ್ ಆಗಿ.

ಓದು ಬಿಡಿಸಿ ಆಟಕ್ಕೆ ಕಳ್ಸಿ ಅಂತ ನಾನು ಹೇಳ್ತಿಲ್ಲ. ಎಲ್ರಿಗೂ ಇಂಥ ದಾರಿ ಸಿಕ್ಕದೂ ಇಲ್ಲ. ಮೈಯಲ್ಲಿ ಕಸುವಿರೋದು ನಾಲ್ಕು ದಿನ, ನಿಜ. ಆದ್ರೆ ಯಾವಾಗ ನುಗ್ಬೇಕು, ಯಾವಾಗ ತಡೀಬೇಕು ಅನ್ನೋ ತಿಳುವಳಿಕೆ ಆಮೇಲೂ ಅನ್ನ ಕೊಡ್ತದೆ. ಇದು ಗಂಡು ಹುಡುಗರಿಗೆ ಮಾತ್ರ ಅಂತನೂ ಅನ್ಕೋಬೇಡಿ. ನಮ್ಮ ಬೆಂಗಳೂರಿನ ತೇಜಸ್ವಿನಿ ಬಾಯಿ 2011ರಲ್ಲಿ ಅರ್ಜುನ ತಗಂಡೋರು. 2025ರ ನವೆಂಬರಲ್ಲಿ ಢಾಕಾದಲ್ಲಿ ವಿಶ್ವಕಪ್ ಗೆದ್ದ ಭಾರತದ ಹೆಣ್ಮಕ್ಕಳ ತಂಡಕ್ಕೆ ಅವರೇ ಕೋಚ್. ಮನೇಲಿ ಆಡೋ ಹುಡುಗಿ ಇದ್ರೆ ಈ ಹೆಸರು ಹೇಳ್ಕೊಡಿ.