ರಾಸಸುಂದರೀದೇವಿಯ ಆತ್ಮಚರಿತೆಯಲ್ಲಿ ಪ್ರಸವಸ್ಮೃತಿಯೂ ಅಕ್ಷರಾಭ್ಯಾಸವೂ

ಗರ್ಭಿಣಿಯ ವಿಷಯವಾಗಿಯೂ ಪ್ರಸವದ ವಿಷಯವಾಗಿಯೂ ನಮ್ಮ ಶಾಸ್ತ್ರಗ್ರಂಥಗಳು ಸವಿಸ್ತಾರವಾಗಿ ಹೇಳಿರುವುವು. ಪುಂಸವನ, ಸೀಮಂತೋನ್ನಯನ, ಜಾತಕರ್ಮಾದಿ ಸಂಸ್ಕಾರಗಳ ವಿಧಿಯನ್ನು ಗೃಹ್ಯಸೂತ್ರಗಳು ವಿವರಿಸುತ್ತವೆ. ಸೂತಿಕಾಗಾರವು ಹೇಗಿರಬೇಕೆಂಬುದನ್ನು ಚರಕಸುಶ್ರುತರ ಸಂಹಿತೆಗಳು ಬೋಧಿಸುತ್ತವೆ. ಆದರೆ ಹೆತ್ತವಳು ತಾನೇ ತನ್ನ ಹೆರಿಗೆಗಳನ್ನು ನೆನೆದು ಬರೆದಿಟ್ಟ ಲೇಖಗಳು ಬಹು ವಿರಳ. ಅಂಥ ವಿರಳವಾದ ಆಕರಗಳಲ್ಲಿ ವಂಗದೇಶದ ರಾಸಸುಂದರೀದೇವಿಯು ಬರೆದು 1876ರಲ್ಲಿ ಪ್ರಕಟವಾದ ‘ಆಮಾರ್ ಜೀಬನ್’ ಎಂಬ ಗ್ರಂಥವು ಮುಖ್ಯವಾದುದು. ವಂಗಭಾಷೆಯಲ್ಲಿ ಸ್ತ್ರೀಯೊಬ್ಬಳು ಬರೆದ ಮೊದಲನೆಯ ಆತ್ಮಚರಿತೆಯೆಂದು ಇದು ಪ್ರಸಿದ್ಧವಾಗಿದೆ.

ಈಕೆಯು 1809ರ ಸುಮಾರಿಗೆ ಪಾಬನಾ ಪ್ರಾಂತದ ಪೋತಾಜಿಯಾ ಗ್ರಾಮದಲ್ಲಿ ಜನಿಸಿದಳು. ಶೈಶವದಲ್ಲಿಯೇ ತಂದೆಯು ತೀರಿಹೋದನು. ಭಯವುಂಟಾದಾಗಲೆಲ್ಲ ಮನೆದೇವರಾದ ದಯಾಮಾಧವನನ್ನು ಕರೆಯೆಂದು ತಾಯಿಯು ಮಗಳಿಗೆ ಕಲಿಸಿದ್ದಳು. ಹನ್ನೆರಡನೆಯ ವರ್ಷದಲ್ಲಿ ವಿವಾಹವಾಗಿ ಫರೀದಪುರ ಪ್ರಾಂತದ ರಾಮದಿಯಾ ಗ್ರಾಮದ ಶ್ರೀಮಂತರ ಮನೆಯನ್ನು ಸೇರಿದಳು. ಈ ಎರಡು ಗ್ರಾಮಗಳೂ ಈಗ ಬಾಂಗ್ಲಾದೇಶಕ್ಕೆ ಸೇರಿರುವುವು.

ಹದಿನೆಂಟನೆಯ ವರ್ಷದಲ್ಲಿ ಚೊಚ್ಚಲ ಹೆರಿಗೆ. ನಲವತ್ತೊಂದನೆಯ ವರ್ಷದಲ್ಲಿ ಕಡೆಯದು. ಈ 23 ವರ್ಷಗಳಲ್ಲಿ ಆಕೆಯು ಗರ್ಭಧರಿಸಿದ್ದು ಹನ್ನೆರಡು ಸಲ. ಇಷ್ಟು ಪ್ರಸವಗಳನ್ನು ಕಂಡವಳು ಅವುಗಳ ವೇದನೆಯನ್ನು ವರ್ಣಿಸಿರುವಳೇ ಎಂದು ಹುಡುಕಿದರೆ ವಾಚಕರಿಗೆ ನಿರಾಶೆಯಾದೀತು. ಮಕ್ಕಳ ಹೆಸರು, ಆಗ ತನ್ನ ವಯಸ್ಸು, ಇವಿಷ್ಟನ್ನು ಲೆಕ್ಕದಂತೆ ಒಪ್ಪಿಸಿ, ಆ ವರ್ಷಗಳಲ್ಲಿ ತಾನು ಪಟ್ಟ ಪಾಡನ್ನು ಪರಮೇಶ್ವರನು ಮಾತ್ರ ಬಲ್ಲನೆಂದು ಮುಗಿಸಿಬಿಡುತ್ತಾಳೆ. ಈ ಮಿತಭಾಷಿತ್ವವನ್ನು ಸ್ಮೃತಿಯ ಶೂನ್ಯತೆಯೆಂದು ಎಣಿಸಲಾಗದು. ಲಜ್ಜೆಯೇ ಕುಲಸ್ತ್ರೀಯರ ಲಕ್ಷಣವೆಂದು ತಿಳಿದಿದ್ದ ಕಾಲ ಅದು. ಪತಿಯ ಕುದುರೆಯಾದ ಜಯಹರಿಯು ಅಂಗಳಕ್ಕೆ ಬಂದರೆ, ಅದರ ಕಣ್ಣಿಗೂ ಬೀಳಬಾರದೆಂದು ತಾನು ಮರೆಯಾಗುತ್ತಿದ್ದುದನ್ನು ಆಕೆಯೇ ಬರೆದಿರುವಳು. ಅಂಥವಳು ಸೂತಿಕಾಗೃಹದ ಬಾಗಿಲನ್ನು ತೆರೆದು ತೋರಿಸುವಳೆಂದು ನಿರೀಕ್ಷಿಸುವುದು ಉಚಿತವಲ್ಲ.

ಆಕೆಯು ಹೆರಿಗೆಯ ವಿಷಯದಲ್ಲಿ ಮೌನವಾಗಿದ್ದರೂ ಆ ಬಳಿಕದ ದಿನಚರಿಯ ವಿಷಯದಲ್ಲಿ ಮೌನವಾಗಿಲ್ಲ. ಅತ್ತೆಗೆ ದೃಷ್ಟಿ ಹೋದುದರಿಂದ ಒಳಮನೆಯ ಭಾರವೆಲ್ಲವೂ ಸೊಸೆಯ ಮೇಲೆ ಬಿದ್ದಿತು. ಆಳುಕಾಳುಗಳು ಇದ್ದರೂ ಅವರ ಕೆಲಸವೆಲ್ಲ ಹೊರಗೆ. ದೇವರ ನೈವೇದ್ಯ, ಅತ್ತೆಯ ಶುಶ್ರೂಷೆ, ಅತಿಥಿಸತ್ಕಾರ, ಸುಮಾರು ಇಪ್ಪತ್ತೈದು ಮಂದಿಗೆ ಎರಡು ಹೊತ್ತಿನ ಅಡಿಗೆ, ಇವುಗಳ ನಡುವೆಯೇ ಕೈಗೂಸುಗಳ ಪೋಷಣೆಯೂ ಆಗಬೇಕು. ಒಮ್ಮೆ ಬಂದವರಿಗೆ ಬಡಿಸುವುದರಲ್ಲಿಯೂ, ಮಡಿಲ ಶಿಶುವಿನಿಂದ ತನ್ನ ಎಡೆಯು ಕೆಟ್ಟುಹೋದುದರಿಂದಲೂ ಎರಡು ದಿನ ಆಕೆಗೆ ಊಟವೇ ಆಗಲಿಲ್ಲ. ಮನೆಯಲ್ಲಿ ಯಾರೂ ಅದನ್ನು ತಿಳಿಯಲಿಲ್ಲ. ಹೇಳಿಕೊಳ್ಳುವುದಕ್ಕೆ ಆಕೆಗೂ ನಾಚಿಕೆ. ಅನ್ನವನ್ನು ಮಾಡಿ ಬಡಿಸುವವಳೇ ಬಾಣಂತಿಯಾಗಿ ಹಸಿದಿರುವ ಈ ಸಂಗತಿಯು ಪ್ರಸವವೇದನೆಯ ವರ್ಣನೆಗಿಂತ ಹೆಚ್ಚಾಗಿ ಆ ಕಾಲದ ಮಾತೃತ್ವವನ್ನು ತಿಳಿಸುತ್ತದೆ.

ಇನ್ನು ಈ ಗ್ರಂಥದ ಮುಖ್ಯ ಪ್ರಮೇಯವಾದ ಅಕ್ಷರಾಭ್ಯಾಸ. ಓದು ಕಲಿತ ಹೆಣ್ಣು ವಿಧವೆಯಾಗುವಳೆಂಬ ನಂಬಿಕೆಯು ಆಗ ಪ್ರಬಲವಾಗಿದ್ದಿತು. ಬಾಲ್ಯದಲ್ಲಿ ತವರಿನ ಪಾಠಶಾಲೆಯಲ್ಲಿ ಹುಡುಗರ ನಡುವೆ ಸುಮ್ಮನೆ ಕುಳಿತು ಕಿವಿಯಿಂದ ಗ್ರಹಿಸಿದ್ದ ವರ್ಣಮಾಲೆಯ ಹೊರತು ಆಕೆಗೆ ಬೇರೆ ವಿದ್ಯೆಯಿರಲಿಲ್ಲ. ಇಪ್ಪತ್ತೈದರ ಆಚೀಚೆಗೆ ತಾನು ‘ಚೈತನ್ಯಭಾಗವತ’ವನ್ನು ಓದುತ್ತಿರುವಂತೆ ಕನಸಾಯಿತು. ತರುವಾಯ ಪತಿಯು ಆ ಗ್ರಂಥವನ್ನೇ ತಂದು ಅಡಿಗೆಮನೆಯಲ್ಲಿ ಇಟ್ಟುಹೋದನು. ಆಕೆಯು ಅದರಿಂದ ಒಂದು ಹಾಳೆಯನ್ನು ಬಿಡಿಸಿ ಬಚ್ಚಿಟ್ಟಳು. ಆದರೆ ಅಕ್ಷರಗಳ ಆಕಾರವನ್ನು ತಿಳಿಯುವ ಬಗೆ ಹೇಗೆ? ಎಂಟು ವರ್ಷದ ಹಿರಿಯ ಮಗನು ಬರಹವನ್ನು ತಿದ್ದುತ್ತಿದ್ದ ತಾಳೆಗರಿಗಳಲ್ಲಿ ಒಂದನ್ನು ತೆಗೆದಿಟ್ಟುಕೊಂಡು, ಅದರ ಅಕ್ಷರಗಳನ್ನು ಹಾಳೆಯ ಅಕ್ಷರಗಳೊಡನೆ ಹೋಲಿಸುತ್ತ, ಒಲೆಯ ಮುಂದೆ ಮುಸುಕಿನ ಮರೆಯಲ್ಲಿ ವರುಷಗಟ್ಟಲೆ ಸಾಧಿಸಿ ಓದಲು ಕಲಿತಳು.

ಓದು ಬಂದಿತಾದರೂ ಬರಹ ಬಂದಿರಲಿಲ್ಲ. ಅದಕ್ಕೂ ಮಗನೇ ನಿಮಿತ್ತನಾದನು. ಊರುಬಿಟ್ಟು ವ್ಯಾಸಂಗಮಾಡುತ್ತಿದ್ದ ಕಿಶೋರೀಲಾಲನು ತನ್ನ ಕಾಗದಗಳಿಗೆ ತಾಯಿಯಿಂದ ಉತ್ತರವಿಲ್ಲವೆಂದು ಆಕ್ಷೇಪಿಸಿ, ಕಾಗದ, ಲೇಖನಿ, ಮಸಿಗಳನ್ನು ಒದಗಿಸಿ ಹೋದನು. ಆ ಒತ್ತಾಯದಿಂದ ಪ್ರೌಢವಯಸ್ಸಿನಲ್ಲಿ ಬರೆಯಲು ಕಲಿತವಳೇ ತನ್ನ ಚರಿತ್ರೆಯನ್ನು ತಾನೇ ಬರೆದು, 88ರ ವಯಸ್ಸಿನಲ್ಲಿ, 1897ರಲ್ಲಿ, ಅದನ್ನು ಮತ್ತಷ್ಟು ಬೆಳೆಸಿದಳು.

ಹೀಗೆ ನೋಡಿದರೆ, ಮಕ್ಕಳ ಪೋಷಣೆಯು ಆಕೆಯ ವಿರಾಮವನ್ನೆಲ್ಲ ಕಸಿದುಕೊಂಡಿತೆಂಬುದು ನಿಜವಾದರೂ, ಓದಿನ ಸಾಧನವು ಒಬ್ಬ ಮಗನಿಂದಲೂ ಬರಹದ ಸಾಧನವು ಮತ್ತೊಬ್ಬನಿಂದಲೂ ಬಂದಿತೆಂಬುದು ಅಷ್ಟೇ ನಿಜವು. ಮಾತೃತ್ವವು ವಿದ್ಯೆಗೆ ಪ್ರತಿಬಂಧಕವೆಂದಾಗಲಿ ಅನುಕೂಲವೆಂದಾಗಲಿ ಏಕಪಕ್ಷೀಯವಾಗಿ ಸಿದ್ಧಾಂತಮಾಡುವವರಿಗೆ ಈ ಸಾಕ್ಷ್ಯವು ಒಗ್ಗುವುದಿಲ್ಲ. ತಾಳೆಗರಿಯನ್ನು ಮಗನ ಕೈಯಲ್ಲಿಟ್ಟ ಸಮಾಜವೇ ಅದನ್ನು ತಾಯಿಯು ಕದ್ದು ಓದುವಂತೆ ಮಾಡಿತು. ತಾಯಿಯ ಅಂತ್ಯಕಾಲದಲ್ಲಿ ಹೋಗಿ ನೋಡುವ ಸ್ವಾತಂತ್ರ್ಯವೂ ತನಗೆ ದೊರೆಯಲಿಲ್ಲವೆಂದೂ, ಗಂಡಾಗಿ ಹುಟ್ಟಿದ್ದರೆ ಹೀಗಾಗುತ್ತಿರಲಿಲ್ಲವೆಂದೂ ಆಕೆ ಮರುಗಿದ್ದಾಳೆ. ಹನ್ನೆರಡು ಸಲ ತಾಯಿಯಾದವಳು ತನ್ನ ತಾಯಿಗೆ ಮಗಳಾಗಿ ನಿಲ್ಲಲಾರದೆ ಹೋದಳು. ಹೆತ್ತವರಲ್ಲಿ ಹಲವರ ಮರಣವನ್ನು ಕಣ್ಣಾರೆ ಕಂಡು, ಆ ಪುತ್ರಶೋಕವನ್ನೂ ಜನನಗಳ ಲೆಕ್ಕದ ಬಳಿಯೇ ಬರೆದಿಟ್ಟಳು.

ಜ್ಯೋತಿರಿಂದ್ರನಾಥ ಠಾಕೂರ್, ದಿನೇಶಚಂದ್ರ ಸೇನ್ ಮೊದಲಾದ ವಿದ್ವಾಂಸರು ಈ ಗ್ರಂಥಕ್ಕೆ ಪ್ರಸ್ತಾವನೆಗಳನ್ನು ಬರೆದು ಗೌರವಿಸಿದರು. ರಾಜವಂಶಾವಳಿಗಳಲ್ಲಿ ಪುತ್ರರ ಹೆಸರುಗಳು ಸಾಲುಗಟ್ಟಿರುತ್ತವೆ. ಹೆತ್ತವಳ ಹೆಸರು ಎಷ್ಟೋ ವೇಳೆ ಅಲ್ಲಿ ಕಾಣಬರುವುದಿಲ್ಲ. ರಾಸಸುಂದರಿಯ ಗ್ರಂಥದಲ್ಲಿ ಆ ವಂಶಾವಳಿಯನ್ನು ಹೆತ್ತವಳೇ ಹೇಳುತ್ತಾಳೆ. ಗೃಹಜೀವನದ ಚರಿತ್ರೆಯನ್ನು ರಚಿಸುವವರು ಶಾಸ್ತ್ರಗಳ ವಿಧಿವಾಕ್ಯಗಳನ್ನು ಎಷ್ಟು ಆದರದಿಂದ ಪರಿಶೀಲಿಸುವರೋ, ಇಂಥ ಅನುಭವವಾಕ್ಯಗಳನ್ನೂ ಅವುಗಳ ನಡುವಣ ಮೌನವನ್ನೂ ಅಷ್ಟೇ ಆದರದಿಂದ ಪರಿಶೀಲಿಸಬೇಕಾಗಿದೆ.