ಒಂದೆಲಗ ಮತ್ತು ಬಾಯಿಪಾಠ

ಮುಂಡರಗಿ ಭಾಗದಲ್ಲಿ ನಾನು ಶಿಕ್ಷಕನಾಗಿದ್ದಾಗ, ಪರೀಕ್ಷೆಯ ದಿನಗಳಲ್ಲಿ ಕೂಲಿಕಾರ ತಂದೆಯೊಬ್ಬರು ಸ್ಮರಣಶಕ್ತಿಯ ಟಾನಿಕ್ಕಿನ ಬಾಟಲಿ ಹಿಡಿದು ಬಂದು, "ಸರ್, ಇದನ್ನ ಕುಡಿದ್ರ ಮಗ ಪಾಸಾಗ್ತಾನೇನ್ರೀ?" ಎಂದು ಕೇಳಿದ್ದರು. ಎರಡು ದಿನದ ಕೂಲಿ ಅದಕ್ಕೆ ಸಂದಿತ್ತು. ನಾನು ಉತ್ತರಿಸಲಿಲ್ಲ.

ಈ ನಂಬಿಕೆ ಪ್ರಾಚೀನವಾದುದು. ಚರಕಸಂಹಿತೆಯು ಮೇಧ್ಯ ರಸಾಯನಗಳೆಂದು ಮಂಡೂಕಪರ್ಣಿ, ಯಷ್ಟಿಮಧು, ಅಮೃತಬಳ್ಳಿ, ಶಂಖಪುಷ್ಪಿಗಳನ್ನು ಹೇಳುತ್ತದೆ. ಮಂಡೂಕಪರ್ಣಿಯೇ ನಮ್ಮ ಒಂದೆಲಗ. ಅದನ್ನೂ ಬ್ರಾಹ್ಮಿಯೆನ್ನುವರು, ನೀರುಬ್ರಾಹ್ಮಿಯನ್ನೂ ಬ್ರಾಹ್ಮಿಯೆನ್ನುವರು. ಸಸ್ಯಗಳು ಮಾತ್ರ ಬೇರೆ ಬೇರೆ. ವಿದೇಶಗಳಲ್ಲಿ ಹೆಸರಾದ ಗಿಂಕೋ ಎಲೆಯ ಸಾರವಾದರೋ ಮರೆಗುಳಿತನವನ್ನು ತಡೆಯದೆಂದು, ಅಮೆರಿಕದಲ್ಲಿ 3,069 ಹಿರಿಯರನ್ನೊಳಗೊಂಡ ಪರೀಕ್ಷೆ 2008ರಲ್ಲಿ ತಿಳಿಸಿತು.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿರಿ. ಪಂಚಾಕ್ಷರ ಗವಾಯಿಗಳೂ (1892–1944) ಪುಟ್ಟರಾಜ ಗವಾಯಿಗಳೂ (1914–2010) ಸ್ವತಃ ಅಂಧರು. ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಗುರು ಹಾಡುವುದು, ಶಿಷ್ಯ ಕೇಳಿ ಮರಳಿ ಹಾಡುವುದು. ನಿತ್ಯದ ಅಭ್ಯಾಸವೇ ಅಲ್ಲಿ ರಸಾಯನ.

ಒಂದೆಲಗದ ಚಟ್ನಿ ಊಟಕ್ಕೆ ರುಚಿಯೇ. ಆದರೆ ಆ ತಂದೆಗೆ ನಾನು ಅಂದೇ ಹೇಳಬೇಕಾಗಿತ್ತು: "ಬಾಟಲಿ ಬ್ಯಾಡ್ರಿ. ದಿನಾ ಸಂಜೀಕ ಮಗನ ಬಾಜೂಕ ಕುಂತು ಪಾಠ ಒಪ್ಪಿಸ್ಕೊಳ್ರಿ." ಅವರಿಗೆ ಓದು ಬರುತ್ತಿರಲಿಲ್ಲ, ಕೇಳುವುದು ಬರುತ್ತಿತ್ತು.