ಮೈಬಣ್ಣದ ತಾರತಮ್ಯ

ತೊಗಲು ಎಷ್ಟು ತಿಳಿ, ಎಷ್ಟು ಗಾಢ ಎಂಬುದನ್ನು ನೋಡಿ ಒಬ್ಬರ ಚೆಲುವು, ಯೋಗ್ಯತೆ, ಅಂತಸ್ತುಗಳಿಗೆ ಬೆಲೆ ಕಟ್ಟುವ ರೂಢಿಗೆ ಮೈಬಣ್ಣದ ತಾರತಮ್ಯ ಎಂದು ಹೆಸರು. ಜನಾಂಗಭೇದದಲ್ಲಿ ಒಂದು ಸಮುದಾಯ ಇನ್ನೊಂದನ್ನು ಕೀಳಾಗಿ ಕಾಣುತ್ತದೆ. ಮೈಬಣ್ಣದ ತಾರತಮ್ಯ ನಡೆಯುವುದು ಒಂದೇ ಸಮುದಾಯದೊಳಗೆ, ಎಷ್ಟೋ ಸಲ ಒಂದೇ ಮನೆಯ ಅಕ್ಕತಂಗಿಯರ ನಡುವೆ. ಭಾರತದಲ್ಲಿ ಇದರ ಹೊರೆ ಹೆಚ್ಚಾಗಿ ಬಿದ್ದಿರುವುದು ಹೆಣ್ಣುಮಕ್ಕಳ ಮೇಲೆ. ಇದನ್ನು ಹುಡುಗಿಯರ ಶೋಕಿ ಅಥವಾ ಕೀಳರಿಮೆ ಎಂದು ತಿಳಿದು ಅವರಿಗೆ ಆತ್ಮವಿಶ್ವಾಸದ ಪಾಠ ಹೇಳುವುದುಂಟು. ಆ ಪಾಠ ಸಾಲದು, ಏಕೆಂದರೆ ಬಿಳುಪು ಮದುವೆಯ ಮಾತುಕತೆಯಲ್ಲಿ ಚಲಾವಣೆಯಲ್ಲಿರುವ ನಾಣ್ಯ. ಹೆತ್ತವರು ಲೆಕ್ಕ ಹಾಕಿಯೇ ಮಗಳನ್ನು ಬಿಸಿಲಿನಿಂದ ತಪ್ಪಿಸುತ್ತಾರೆ, ಮಗಳೂ ಲೆಕ್ಕ ಹಾಕಿಯೇ ಅಂಗಡಿಯಲ್ಲಿ ಬಿಳುಪಿನ ಕ್ರೀಮಿನ ಟ್ಯೂಬು ಕೇಳುತ್ತಾಳೆ. ಲೆಕ್ಕ ಹಾಕುವವರಲ್ಲಿ ದಡ್ಡರು ಕಡಿಮೆ. ಕೆಟ್ಟಿರುವುದು ಆ ಲೆಕ್ಕ ನಡೆಯುವ ಪೇಟೆ.

ಆ ಪೇಟೆಯ ನುಡಿಗಟ್ಟು ಕನ್ನಡದಲ್ಲಿ ಬಹಳ ಸೂಕ್ಷ್ಮವಾಗಿ ಬೆಳೆದಿದೆ. ವಧು-ವರರ ಜಾಹೀರಾತಿನಲ್ಲಿ ಹುಡುಗಿ ‘ಬೆಳ್ಳಗೆ, ಲಕ್ಷಣವಾಗಿ’ ಇರುತ್ತಾಳೆ. ಹಾಗೆನ್ನಲು ಬಾರದಿದ್ದರೆ ‘ಗೋಧಿ ಬಣ್ಣ’ದವಳಾಗುತ್ತಾಳೆ, ಅದಕ್ಕೂ ಒಗ್ಗದಿದ್ದರೆ ‘ಎಣ್ಣೆಗೆಂಪು’. ಕಪ್ಪು ಎಂಬ ಮಾತು ಮಾತ್ರ ಅಚ್ಚಾಗುವುದೇ ಅಪರೂಪ. ಅದೇ ಅಂಕಣದಲ್ಲಿ ಹುಡುಗನ ಓದು, ಸಂಬಳ, ಸ್ವಂತ ಮನೆಗಳ ವಿವರ ಇರುತ್ತದೆ, ಬಣ್ಣದ ಮಾತು ಇರುವುದಿಲ್ಲ. ಹೆಣ್ಣು ನೋಡಲು ಬಂದವರು ಹೊಗಳಿಕೆಯೆಂದೇ ಆಡುವ ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಅದರ ವಿಷವೆಲ್ಲ ‘ಇದ್ದರೂ’ ಎಂಬುದರ ಕೊನೆಯ ದೀರ್ಘದಲ್ಲಿದೆ. ಕಪ್ಪು ಒಂದು ಕೊರತೆ, ಲಕ್ಷಣ ಅದಕ್ಕೆ ತೆತ್ತ ಪರಿಹಾರ ಎಂಬ ತೀರ್ಪು ಅಲ್ಲಿ ಸದ್ದಿಲ್ಲದೆ ಬಂದುಹೋಗುತ್ತದೆ. ತೀರ್ಪಿಗೆ ಸಿದ್ಧತೆ ಹುಟ್ಟುವ ಮೊದಲೇ ಶುರುವಾಗಿರುತ್ತದೆ. ಮಗು ಬೆಳ್ಳಗಾಗಲೆಂದು ಬಸುರಿಗೆ ಕೇಸರಿ ಹಾಲು, ಹುಟ್ಟಿದ ಮೇಲೆ ಕೂಸಿಗೆ ಕಡಲೆಹಿಟ್ಟು. ಶಾಲೆಗೆ ಹೋಗುವ ವಯಸ್ಸಿಗೆ ಬಂದರೆ ‘ಬಿಸಿಲಲ್ಲಿ ಆಡಬೇಡ, ಕಪ್ಪಾಗ್ತೀಯ’ ಎಂಬ ಎಚ್ಚರಿಕೆ. ಅದೇ ಬಿಸಿಲಲ್ಲಿ ಅಣ್ಣ ಕ್ರಿಕೆಟ್ ಆಡುತ್ತಿರುತ್ತಾನೆ. ಕ್ರೀಮು ಮನೆಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಹುಡುಗಿ ಆಟದ ಬಯಲನ್ನು ಕಳೆದುಕೊಂಡಿರುತ್ತಾಳೆ.

ಈ ಆಸೆಯನ್ನು ಕಂಪನಿಗಳು ಹುಟ್ಟಿಸಲಿಲ್ಲ, ಅದಕ್ಕೊಂದು ದರ ನಿಗದಿ ಮಾಡಿದವು. ಹಿಂದೂಸ್ತಾನ್ ಲಿವರ್ ಕಂಪನಿ 1975ರಲ್ಲಿ ‘ಫೇರ್ ಆ್ಯಂಡ್ ಲವ್ಲಿ’ ಎಂಬ ಬಿಳುಪಿನ ಕ್ರೀಮನ್ನು ಮಾರುಕಟ್ಟೆಗೆ ತಂದಿತು. ಅದರ ಒಂದು ಜಾಹೀರಾತಿನಲ್ಲಿ ತನಗೊಬ್ಬ ಮಗನಿದ್ದಿದ್ದರೆ ಎಂದು ತಂದೆ ನಿಟ್ಟುಸಿರು ಬಿಡುತ್ತಾನೆ. ಕ್ರೀಮು ಹಚ್ಚಿ ಬೆಳ್ಳಗಾದ ಮಗಳು ಗಗನಸಖಿಯಾಗಿ ಸಂಬಳ ತರುತ್ತಾಳೆ. ಜನವಾದಿ ಮಹಿಳಾ ಸಂಘಟನೆ ಇಂಥ ಜಾಹೀರಾತುಗಳ ವಿರುದ್ಧ ದೂರು ಕೊಟ್ಟು ಹೋರಾಡಿತು, 2003ರಲ್ಲಿ ಅವು ತೆರೆಯಿಂದ ಇಳಿದವು. ಕಪ್ಪು ಮೈಬಣ್ಣದವರನ್ನು ಮದುವೆಯಲ್ಲೋ ಉದ್ಯೋಗದಲ್ಲೋ ಸೋತವರೆಂದು ತೋರಿಸಕೂಡದೆಂದು ಜಾಹೀರಾತು ಉದ್ಯಮದ ಸ್ವನಿಯಂತ್ರಣ ಮಂಡಳಿಯೇ 2014ರಲ್ಲಿ ಸೂಚಿಸಿತು. 2020ರಲ್ಲಿ, ಅಮೆರಿಕದಲ್ಲಿ ಕರಿಯರ ಚಳವಳಿ ಭುಗಿಲೆದ್ದಾಗ, ಕ್ರೀಮಿನ ಹೆಸರು ‘ಗ್ಲೋ ಆ್ಯಂಡ್ ಲವ್ಲಿ’ ಎಂದಾಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಶಾದಿ ಡಾಟ್ ಕಾಮ್ ಮೈಬಣ್ಣದ ಮೇಲೆ ಸಂಬಂಧ ಹುಡುಕುವ ಸೌಲಭ್ಯವನ್ನು ತೆಗೆದುಹಾಕಿತು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಫೋಟೊ ನೋಡಿ ಆರಿಸುವ ಕಣ್ಣಿಗೆ ಆ ಸೌಲಭ್ಯ ಎಂದೂ ಬೇಕಿರಲಿಲ್ಲ.

ಬೇಕಾದವರು ಬೇಕಾದ್ದನ್ನು ಹಚ್ಚಿಕೊಳ್ಳುತ್ತಾರೆ, ನಿಯಾಸಿನಮೈಡ್ ಮತ್ತು ಬಿಸಿಲು ತಡೆಯುವ ಅಂಶವಿರುವ ಕ್ರೀಮಿನಿಂದ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಹೆಸರಾಂತ ಕ್ರೀಮುಗಳಲ್ಲಿ ಹೆಚ್ಚಿನವು ರಾಸಾಯನಿಕವಾಗಿ ಅಪಾಯಕಾರಿಯಲ್ಲ ಎಂಬುದನ್ನು ಒಪ್ಪಬೇಕು. ಕುತ್ತು ಇರುವುದು ಅವು ಕೊಡಲಾಗದ್ದರ ಆಸೆ ಹುಟ್ಟಿಸಿ ಬಿಟ್ಟುಬಿಡುವುದರಲ್ಲಿ. ತೋಳಿನ ಒಳಬದಿ, ಬಿಸಿಲು ತಾಗದ ಕಡೆ ಕಾಣುವುದೇ ಒಬ್ಬರ ಹುಟ್ಟುಬಣ್ಣ. ಅದನ್ನು ತೀರ್ಮಾನಿಸುವುದು ವಂಶವಾಹಿಗಳು. ಅವುಗಳಲ್ಲೊಂದಾದ ಎಸ್‌ಎಲ್‌ಸಿ24ಎ5 ಭಾರತದ ಬೇರೆಬೇರೆ ಸಮುದಾಯಗಳಲ್ಲಿ ಹೇಗೆ ಹಂಚಿಹೋಗಿದೆ ಎಂಬುದನ್ನು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿದ್ದ ತಂಡ 2013ರಲ್ಲಿ ಪ್ರಕಟಿಸಿದೆ. ಕ್ರೀಮು ಹೆಚ್ಚೆಂದರೆ ಬಿಸಿಲಿಗೆ ಕಂದಿದ ಮುಖವನ್ನು ತೋಳಿನ ಒಳಬದಿಯ ಬಣ್ಣದ ಹತ್ತಿರಕ್ಕೆ ತಂದೀತು. ಮದುವೆಯ ಪೇಟೆ ಕೇಳುವುದು ಅದಕ್ಕಿಂತ ಬಿಳಿಯದನ್ನು. ಆಗ ಹುಡುಗಿ ಎರಡನೆಯ ಅಂಗಡಿಗೆ ಹೋಗುತ್ತಾಳೆ.

ಆ ಎರಡನೆಯ ಅಂಗಡಿ ಔಷಧದ್ದಾಗಿದ್ದರೆ ಅಲ್ಲಿ ಸಿಗುವುದು ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಮೊಮೆಟಾಸೋನ್ ಎಂಬ ಸ್ಟೆರಾಯ್ಡ್ ಸೇರಿದ ಟ್ಯೂಬು. ಇದು ಬಂಗು ಎಂಬ ಕಂದು ಕಲೆಗಳಿಗೆಂದು, ಕೆಲವೇ ವಾರಗಳ ಮಟ್ಟಿಗೆ, ಚರ್ಮವೈದ್ಯರು ಬರೆದುಕೊಡುವ ಮದ್ದು. ಮೊದಲ ದಿನಗಳಲ್ಲಿ ಮುಖ ನಿಜಕ್ಕೂ ತಿಳಿಯಾಗುತ್ತದೆ, ಗೆಳತಿಯರೂ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಕಾಣಿಸುತ್ತವೆ, ಮೊಡವೆ ಏಳುತ್ತದೆ, ಕೆನ್ನೆ ಗಲ್ಲಗಳಲ್ಲಿ ಕೂದಲು ಬೆಳೆಯುತ್ತದೆ. ಬಿಟ್ಟರೆ ಉರಿ ತಡೆಯಲಾಗದು, ಆದ್ದರಿಂದ ಮತ್ತೆ ಹಚ್ಚುತ್ತಾರೆ. ಭಾರತದ ಚರ್ಮವೈದ್ಯರು ಈ ಸ್ಥಿತಿಯನ್ನು ‘ಸ್ಟೆರಾಯ್ಡ್‌ನಿಂದ ಹಾಳಾದ ಮುಖ’ ಎಂದೇ ಕರೆದಿದ್ದಾರೆ. 2011ರಲ್ಲಿ ಪ್ರಕಟವಾದ, ದೇಶದ ಹನ್ನೆರಡು ಕೇಂದ್ರಗಳ ಅಧ್ಯಯನದಲ್ಲಿ ಮುಖದ ಚರ್ಮರೋಗಕ್ಕೆಂದು ಬಂದ 2,926 ಮಂದಿಯಲ್ಲಿ 433 ಮಂದಿ ಸ್ಟೆರಾಯ್ಡ್ ಹಚ್ಚುತ್ತಿದ್ದರು.

ಅಂಗಡಿ ಸೌಂದರ್ಯವರ್ಧಕಗಳದ್ದಾಗಿದ್ದರೆ, ತಯಾರಕರ ವಿಳಾಸವಿಲ್ಲದ ಡಬ್ಬಿಯಲ್ಲಿ ಪಾದರಸ ಇರಬಹುದು. ಚರ್ಮದಲ್ಲಿ ಬಣ್ಣ ತಯಾರಿಸುವ ಕಿಣ್ವವನ್ನು ಪಾದರಸ ಕುಂಠಿತಗೊಳಿಸುತ್ತದೆ, ಹಾಗಾಗಿ ಅದು ಹೇಳಿದಂತೆ ಕೆಲಸ ಮಾಡುತ್ತದೆ. ಮೂತ್ರಪಿಂಡದ ಮೇಲೂ ಮಾಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ಬಂದ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದಾಗ ಅವರಲ್ಲಿ 15 ಮಂದಿಯದು ‘ನೆಲ್-1’ ಎಂಬ ವಿರಳ ಬಗೆಯಾಗಿತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಬಳಸಿದ್ದಾಗಿ ಒಪ್ಪಿಕೊಂಡರು.

ಹೆಣ್ಣುಮಕ್ಕಳು ಓದಿ ಕೆಲಸ ಹಿಡಿದರೆ ಬಣ್ಣವನ್ನು ಯಾರೂ ಕೇಳುವುದಿಲ್ಲ ಎಂಬ ವಾದವಿದೆ. ಕೇರಳದ ಮುಖ್ಯ ಕಾರ್ಯದರ್ಶಿಯಾಗಿದ್ದ ಶಾರದಾ ಮುರಳೀಧರನ್ ರಾಜ್ಯದ ಆಡಳಿತ ಸೇವೆಯ ಅತ್ಯಂತ ಎತ್ತರದ ಕುರ್ಚಿಯಲ್ಲಿದ್ದರು. ಅದೇ ಹುದ್ದೆಯಲ್ಲಿ ಅವರಿಗಿಂತ ಹಿಂದಿದ್ದವರು ಅವರ ಪತಿ. ಪತಿಯ ಆಡಳಿತ ಬಿಳಿ, ಇವರದು ಕಪ್ಪು ಎಂಬ ಹೋಲಿಕೆ ಕಿವಿಗೆ ಬಿದ್ದಾಗ 2025ರ ಮಾರ್ಚಿನಲ್ಲಿ ಅವರು ಬಹಿರಂಗವಾಗಿ ಬರೆದರು. ತನ್ನನ್ನು ಮತ್ತೆ ಹೊಟ್ಟೆಯೊಳಗಿಟ್ಟು ಬೆಳ್ಳಗೆ ಹೆತ್ತುಕೊಡುತ್ತೀಯಾ ಎಂದು ನಾಲ್ಕನೆಯ ವಯಸ್ಸಿನಲ್ಲಿ ತಾಯಿಯನ್ನು ಕೇಳಿದ್ದನ್ನೂ ಅಲ್ಲಿ ನೆನೆದರು. ಗಂಡಸರಿಗೂ ಈ ಕಾಟವಿದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಪತ್ನಿ ಬಣ್ಣ ಹಿಡಿದು ಹೀಯಾಳಿಸಿದ್ದನ್ನು ಕ್ರೌರ್ಯವೆಂದು ಎಣಿಸಿ ಕರ್ನಾಟಕ ಹೈಕೋರ್ಟ್ 2023ರಲ್ಲಿ ಪತಿಗೆ ವಿಚ್ಛೇದನ ಕೊಟ್ಟಿದೆ. ಗಂಡಸರಿಗೆಂದು ಪ್ರತ್ಯೇಕ ಕ್ರೀಮು 2005ರಿಂದಲೇ ಇದೆ. ಆದರೆ ಗಂಡಿಗೆ ಬಣ್ಣದ ಕೊರತೆಯನ್ನು ಸಂಬಳದಿಂದ ತುಂಬಿಕೊಳ್ಳುವ ದಾರಿಯುಂಟು. ಹೆಣ್ಣಿನ ಸಂಬಳ ಬಣ್ಣದ ಜತೆಗೆ ಕೂಡಿಕೊಳ್ಳುತ್ತದೆಯೇ ಹೊರತು ಅದರ ಜಾಗಕ್ಕೆ ಬರುವುದಿಲ್ಲ. ಇನ್ನು, ಇದೆಲ್ಲ ಬ್ರಿಟಿಷರು ಬಿಟ್ಟುಹೋದದ್ದು, ನಮ್ಮ ದ್ರೌಪದಿಗೆ ಕೃಷ್ಣೆ ಎಂದೇ ಹೆಸರಿಲ್ಲವೇ ಎನ್ನುವವರು ಅರ್ಧ ಸತ್ಯ ಹೇಳುತ್ತಾರೆ. ಕಪ್ಪು ದೇವರನ್ನು ಪೂಜಿಸುವ ಮನೆಯಲ್ಲೇ ಕಪ್ಪು ಸೊಸೆ ಬೇಡವೆನ್ನುವುದಕ್ಕೆ ಯಾವ ವೈಸರಾಯನ ಅಪ್ಪಣೆಯೂ ಬೇಕಾಗಿಲ್ಲ.

ಚೆನ್ನೈನ ವಿಮೆನ್ ಆಫ್ ವರ್ತ್ ಸಂಸ್ಥೆ 2009ರಲ್ಲಿ ಆರಂಭಿಸಿ, ಮುಂದೆ ನಟಿ ನಂದಿತಾ ದಾಸ್ ಬೆಂಬಲಿಸಿದ ‘ಡಾರ್ಕ್ ಈಸ್ ಬ್ಯೂಟಿಫುಲ್’ ಅಭಿಯಾನ ಶಾಲೆಗಳವರೆಗೂ ತಲುಪಿತು. ಅದು ಮುಟ್ಟಲಾಗದ ಕಡೆ ಕಾನೂನು ಹೋಗಬೇಕಿತ್ತು. ಬಿಳುಪು ಕೊಡುತ್ತೇವೆಂಬ ಔಷಧ ಜಾಹೀರಾತಿಗೆ ಜೈಲು, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ಎಂದು ಔಷಧ ಜಾಹೀರಾತುಗಳ ಕುರಿತ 1954ರ ಕಾಯ್ದೆಗೆ 2020ರ ಫೆಬ್ರುವರಿಯಲ್ಲಿ ತಿದ್ದುಪಡಿಯ ಕರಡು ಹೊರಬಂದಿತ್ತು. ಅದಕ್ಕೂ ಮೊದಲು, 2018ರ ಮಾರ್ಚಿನಲ್ಲಿ, ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಕ್ರೀಮುಗಳನ್ನು ‘ಶೆಡ್ಯೂಲ್ ಎಚ್’ಗೆ ಸೇರಿಸಿ ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದಿತು. ಆ ಎಚ್ಚರಿಕೆ ಟ್ಯೂಬಿನ ಮೇಲೆ ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ.